ಭಾನುವಾರದ ಮೂವರು ಸಾಕ್ಷಿಗಳು

ಬಾಡಿಗೆದಾರ. ಲೋಥಾರ್‌ನ ಅಂತ್ಯಕ್ರಿಯೆಯ ದಿನ ಅವನ ಅಕ್ಕ ಗೆಸೀನೆ ಓರ್ಟ್ವಿನ್‌ನನ್ನು ಪಾದ್ರಿಗೆ ಪರಿಚಯಿಸಿದ್ದು ಈ ಒಂದೇ ಪದದಲ್ಲಿ. "ನನ್ನ ತಮ್ಮನ ಮನೇಲಿ ಒಂದು ರೂಮು ಬಾಡಿಗೆಗೆ ತಗೊಂಡಿದ್ರು, ಪಾಪ, ದರ್ಜಿ." ಹದಿನೇಳು ವರ್ಷ ಒಂದೇ ಮಂಚದಲ್ಲಿ ಮಲಗಿದವನು, ಕೊನೆಯ ಎಂಟು ತಿಂಗಳು ಲೋಥಾರ್‌ನ ಬಾಯಿಗೆ ಚಮಚದಲ್ಲಿ ಗಂಜಿ ಹಾಕಿದವನು, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು "ಹೌದು" ಎಂದ. ಆ ಹೌದಿಗಾಗಿ ಅವನು ತನ್ನನ್ನು ಇನ್ನೂ ಕ್ಷಮಿಸಿರಲಿಲ್ಲ.

ಅದೇ ವಾರ ಗೆಸೀನೆ ಬೀಗ ಬದಲಿಸಿ, ಆ ಮನೆಯಲ್ಲೇ ಬಂದು ಕೂತಳು. ಕಾನೂನು ಅವಳದು. 1984ರ ಹ್ಯಾಂಬರ್ಗಿನಲ್ಲಿ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಏನೂ ಆಗುತ್ತಿರಲಿಲ್ಲ. ಮನೆ ಹೋಗಲಿ, ಓರ್ಟ್ವಿನ್ ಕೇಳಿದ್ದು ಕಾಗದಗಳನ್ನು ಮಾತ್ರ. ಲೋಥಾರ್ ಹಡಗಿನಲ್ಲಿ ತಂತಿ ಕಳಿಸುವ ಕೆಲಸದಲ್ಲಿದ್ದವನು, ಯಾವ ಬಂದರು ಸಿಕ್ಕಿದರೂ ಅಲ್ಲಿಂದ ಬರೆಯುತ್ತಿದ್ದ. ತಗಡಿನ ಡಬ್ಬಿಯ ತುಂಬ ಆ ಕಾಗದಗಳಿದ್ದವು. ಬಾಗಿಲ ಸಂದಿಯಿಂದಲೇ ಗೆಸೀನೆ ಹೇಳಿದಳು: "ಓದಿ ನೋಡ್ದೆ. ಥೂ! ಈಸ್ಟರ್ ಬೆಂಕಿಗೆ ಹಾಕ್ತೀನಿ, ನಮ್ಮ ಮನೆತನದ ಹೊಲಸು ಅಲ್ಲೇ ಸುಟ್ಟುಹೋಗ್ಲಿ."

ಈಸ್ಟರಿಗೆ ಹದಿನೆಂಟು ದಿನ ಉಳಿದಿತ್ತು. ಹಬ್ಬದ ಹಿಂದಿನ ರಾತ್ರಿ ಹಚ್ಚುವ ದೊಡ್ಡ ಬೆಂಕಿಗೆ ಹೊಳೆಯ ದಂಡೆಯಲ್ಲಿ ಜನ ಆಗಲೇ ಸೌದೆ ಒಟ್ಟತೊಡಗಿದ್ದರು.

ಕದಿಯುವುದು ಕಷ್ಟವಿರಲಿಲ್ಲ. ನೆಲಮಹಡಿಯ ಆ ಮನೆಯ ಅಡುಗೆಕೋಣೆಯ ಕಿಟಕಿಗೆ ಚಿಲಕ ಎಂದೂ ಸರಿಯಾಗಿ ಕೂತಿರಲಿಲ್ಲ. ಭಾನುವಾರ ಮಧ್ಯಾಹ್ನ ಗೆಸೀನೆ ಹೂವು ಹಿಡಿದು ಓಲ್ಸ್‌ಡೋರ್ಫ್ ಸ್ಮಶಾನಕ್ಕೆ ಹೋದರೆ ಐದರೊಳಗೆ ಬರುವವಳಲ್ಲ. ಕಷ್ಟವಿದ್ದದ್ದು ಕದ್ದ ಮೇಲೆ. ಪೊಲೀಸರು ಕೇಳಿದರೆ ಅವಳ ಬಾಯಿಂದ ಬರುವುದು ಒಂದೇ ಹೆಸರು. ಆದ್ದರಿಂದ ಓರ್ಟ್ವಿನ್ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹೊಲಿದ. ಮೊದಲು ಸಾಕ್ಷಿ, ಆಮೇಲೆ ಕಳವು.

ಸಾಕ್ಷಿಗೆ ಸ್ಥಳ ಹುಡುಕಬೇಕಿರಲಿಲ್ಲ. ರೈಲು ನಿಲ್ದಾಣದ ಹಿಂದೆ, ಸೇಂಟ್ ಗೇಯೋರ್ಗ್ ಕೇರಿಯಲ್ಲಿ ಎಗ್ಗರ್ಟ್‌ನ ಬಾರು ಇತ್ತು, ಆ ಮನೆಯಿಂದ ಹತ್ತು ನಿಮಿಷದ ದಾರಿ. ಓರ್ಟ್ವಿನ್ ಲೋಥಾರ್‌ನನ್ನು ಮೊದಲು ಕಂಡದ್ದೇ ಅಲ್ಲಿ. ಪೊಲೀಸರು ಬಂದರೆಂದು ಬಾಗಿಲ ಮೇಲಿನ ಕೆಂಪು ದೀಪ ಹತ್ತಿದ ಕೂಡಲೇ ಕುಣಿಯುತ್ತಿದ್ದವರೆಲ್ಲ ಕೈ ಬಿಟ್ಟು ಕುರ್ಚಿ ಹಿಡಿಯುತ್ತಿದ್ದ ಕಾಲ ಅದು. ಲೋಥಾರ್ ಮಾತ್ರ ಒಂದು ಕ್ಷಣ ತಡವಾಗಿ ಕೈ ಬಿಟ್ಟಿದ್ದ. ಈಗ ಆ ಬಾರಿನ ಪುಟ್ಟ ವೇದಿಕೆಯಲ್ಲಿ ಹೆಣ್ಣುಡುಗೆ ತೊಟ್ಟು ಹಾಡುವವರಿಗೆಲ್ಲ ಲಂಗ, ರವಿಕೆ ಹೊಲಿಯುವವನು ಓರ್ಟ್ವಿನ್. ಪರದೆಯ ಹಿಂದೆ ಅವನ ಮಿಷನ್ನು ಇತ್ತು. ಅದರ ಪಕ್ಕದ ಬಾಗಿಲು ಬಿಯರ್ ಪೀಪಾಯಿಗಳ ಹಿತ್ತಿಲಿಗೆ ತೆರೆಯುತ್ತಿತ್ತು.

ಭಾನುವಾರ ಮಧ್ಯಾಹ್ನ ಬಾರು ಮುಚ್ಚಿರುತ್ತದೆ. ಒಳಗೆ ಮೂವರು ಮಾತ್ರ ಇಸ್ಪೀಟಾಡುತ್ತಾರೆ: ಎಗ್ಗರ್ಟ್, ನಿವೃತ್ತ ಪೋಸ್ಟ್‌ಮ್ಯಾನ್ ಥೀಸ್, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಬೋಡೋ. ಎಲ್ಲರೂ ಎಪ್ಪತ್ತು ದಾಟಿದವರು, ಮಾತಿಗೆ ತಪ್ಪದವರು. ರಾತ್ರಿ ಕುಡಿದು ಕುಣಿಯುವ ಇನ್ನೂರು ಹುಡುಗರ ಮಾತಿಗಿಂತ ಈ ಮೂವರ ಮಾತು ತೂಕದ್ದೆಂದು ಅವನು ಲೆಕ್ಕ ಹಾಕಿದ.

ಗುರುವಾರ ತನ್ನ ಹೊಸ ಬಾಡಿಗೆ ಕೋಣೆಯಲ್ಲಿ ಕೂತು, ಅಲ್ಲಿದ್ದ ಇನ್ನೊಂದು ಮಿಷನ್ನಿನ ಸದ್ದನ್ನು ಕ್ಯಾಸೆಟ್ಟಿಗೆ ಹಿಡಿದ. ನಲವತ್ತೈದು ನಿಮಿಷ. ನಡುವೆ ದಾರ ಬದಲಿಸಲು ನಿಲ್ಲಿಸಿದ, ಕತ್ತರಿ ಆಡಿಸಿದ, ಎರಡು ಸಲ ಕೆಮ್ಮಿದ. ಸೂಜಿ ಮುರಿದವನಂತೆ "ಹಾಳಾಗಿಹೋಗ್ಲಿ!" ಎಂದು ಬೈದ. ಮತ್ತೆ ಕೇಳಿದಾಗ ಆ ಬೈಗುಳ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಲೋಥಾರ್ ಸತ್ತ ಮೇಲೆ ಮೊದಲ ಸಲ ನಕ್ಕ. ನಕ್ಕು ಮುಗಿಯುವುದರೊಳಗೆ ಅಳು ಬಂತು.

ಭಾನುವಾರ ಮೂರಕ್ಕೆ ಅವನು ಪರದೆ ಸರಿಸಿ ಮುಖ ತೋರಿಸಿದ.

"ಏನೇ ಅಕ್ಕಯ್ಯ, ಇವತ್ತೂ ಮಿಷನ್ನಿಗೆ ಬಿಡುವಿಲ್ವಾ?" ಎಂದ ಎಗ್ಗರ್ಟ್, ಎಲೆ ಹಂಚುತ್ತ. ಆ ಬಾರಿನಲ್ಲಿ ಗಂಡಸರು ಒಬ್ಬರನ್ನೊಬ್ಬರು ಹೆಣ್ಣಾಗಿ ಕರೆಯುವುದು ವಾಡಿಕೆ.

"ರಾತ್ರಿ ಸ್ಟೇಜ್ ಮೇಲೆ ಹಾಡೋಳ ಲಂಗ ಜಾರಿದ್ರೆ ನೀವು ಬಂದು ಕಟ್ತೀರಾ?"

"ಜಾರ್ಲಿ ಬಿಡೇ," ಎಂದ ಥೀಸ್. "ಅವಳ ಹಾಡಿಗಂತೂ ಯಾರೂ ಚಪ್ಪಾಳೆ ಹೊಡೆಯಲ್ಲ, ಲಂಗಕ್ಕಾದ್ರೂ ಹೊಡೀಲಿ."

ಅವರು ನಗುತ್ತಿರುವಾಗಲೇ ಓರ್ಟ್ವಿನ್ ಪರದೆಯ ಹಿಂದೆ ಸರಿದು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ. ಕ್ಯಾಸೆಟ್ಟಿನಲ್ಲಿ ಮಿಷನ್ನು ಓಡತೊಡಗಿತು. ಹಿತ್ತಿಲು, ಗಲ್ಲಿ, ಕಿಟಕಿ. ಡಬ್ಬಿ ಬಚ್ಚಲಿನ ಕಪಾಟಿನಲ್ಲಿ, ಫಿನಾಯಿಲ್ ಪಕ್ಕ ಇತ್ತು. ಅದನ್ನು ಅಲ್ಲಿ ನೋಡಿ ಅವನಿಗೆ ಮೈ ಉರಿಯಿತು. ಹೊರಗಿನ ಕಳ್ಳ ಬಂದಂತೆ ಕಾಣಲೆಂದು ಡ್ರಾಯರುಗಳನ್ನು ಚೆಲ್ಲಾಡಿದ, ಬೆಳ್ಳಿ ಚಮಚಗಳನ್ನೂ ಗೆಸೀನೆಯ ಹರಳಿನ ಪದಕವನ್ನೂ ಚೀಲಕ್ಕೆ ಹಾಕಿಕೊಂಡ. ಅವು ಆ ಸಂಜೆಯೇ ಆಲ್ಸ್ಟರ್ ಕೆರೆಯ ತಳ ಸೇರಿದವು. ಕ್ಯಾಸೆಟ್ಟಿನ ಕೊನೆಯ ಹೊಲಿಗೆ ಓಡುತ್ತಿರುವಾಗ ಅವನು ಮತ್ತೆ ಪರದೆಯ ಹಿಂದೆ ಇದ್ದ. ಹೊರಗೆ ಬಂದು ಮೂವರೊಡನೆ ಬೆಣ್ಣೆ ಕೇಕು ತಿಂದು, ಆರರವರೆಗೆ ಹರಟೆ ಹೊಡೆದ. ಕಾಗದಗಳನ್ನು ರಾತ್ರಿ ತನ್ನ ಹಾಸಿಗೆಯ ಅಸ್ತರಿನೊಳಗೆ ಸಣ್ಣ ಹೊಲಿಗೆಯಲ್ಲಿ ಹೊಲಿದು, ಅದರ ಮೇಲೆಯೇ ಮಲಗಿದ. ನಿದ್ದೆ ಚೆನ್ನಾಗಿ ಬಂತು.

ಸೋಮವಾರ ಪತ್ತೇದಾರ ಬಂದ. ಮೃದು ಮಾತಿನ, ಮೂವತ್ತರ ಆಸುಪಾಸಿನವನು. ಎರಡು ಸಲ "ದಯವಿಟ್ಟು" ಎಂದ. ಓರ್ಟ್ವಿನ್ ಅವಸರಪಡಲಿಲ್ಲ. ಮೂರರಿಂದ ಆರರವರೆಗೆ ಎಗ್ಗರ್ಟ್‌ನ ಬಾರಿನಲ್ಲಿದ್ದೆ, ಜೊತೆಗೆ ಮೂವರಿದ್ದರು ಎಂದು ಹೆಸರು, ವಿಳಾಸ ಬರೆಸಿ, ಹೇಳಿಕೆಗೆ ದಪ್ಪಕ್ಷರದಲ್ಲಿ ಸಹಿ ಹಾಕಿದ. "ಅವರನ್ನೇ ಕೇಳಿ ಸಾರ್," ಎಂದ. "ಸುಳ್ಳು ಹೇಳೋ ಜನ ಅಲ್ಲ." ಪತ್ತೇದಾರ ಹಾಗೆಯೇ ಮಾಡುವುದಾಗಿ ಹೇಳಿ, ಫೋಟೋ ಒಂದನ್ನು ಕೇಳಿ ತೆಗೆದುಕೊಂಡು ಹೋದ.

ಮಂಗಳವಾರ ಸಂಜೆ ಬಾರಿಗೆ ಹೋದಾಗ ಎಗ್ಗರ್ಟ್ ಅವನನ್ನು ಒಳಗೆಳೆದುಕೊಂಡು ಅಗುಳಿ ಹಾಕಿದ. ಕಣ್ಣು ಹೊಳೆಯುತ್ತಿತ್ತು. ಎರಡು ಗ್ಲಾಸು ಬಗ್ಗಿಸಿ, ಒಂದನ್ನು ಓರ್ಟ್ವಿನ್‌ನ ಕೈಗೆ ಇಟ್ಟ. "ಪೊಲೀಸ್ ಬಂದಿದ್ದ ಕಣೇ, ನಿನ್ನ ಫೋಟೋ ಹಿಡ್ಕೊಂಡು. ಇವನು ಭಾನುವಾರ ಇಲ್ಲಿದ್ನಾ ಅಂದ. ಹೆದರಬೇಡ ಮಗಳೇ. ಈ ಮುಖ ನಾನು ಜನ್ಮದಲ್ಲಿ ನೋಡಿಲ್ಲ ಸ್ವಾಮಿ ಅಂದೆ. ಥೀಸ್ ಹಾಗೇ ಅಂದ, ಬೋಡೋನೂ ಹಾಗೇ ಅಂದ. ಐವತ್ತೆರಡನೇ ಇಸವೀಲಿ ನನ್ನ ಹದಿನಾಲ್ಕು ತಿಂಗಳು ಒಳಗೆ ಕೂಡಿಹಾಕಿ, ಬಾರಿಗೆ ಯಾರ್‍ಯಾರು ಬರ್ತಾರೆ ಹೇಳು ಅಂತ ಹೊಡೆದ್ರು. ಒಬ್ಬನ ಹೆಸರೂ ಬಾಯಿಬಿಡಲಿಲ್ಲ. ಈಗ ನಿನ್ನ ಹೆಸರು ಬಿಡ್ತೀನಾ? ಅಂಥಾ ಮನುಷ್ಯ ಈ ಬಾಗಿಲು ದಾಟೇ ಇಲ್ಲ ಅಂತ ಮೂವರೂ ಸಹಿ ಹಾಕಿ ಕಳಿಸಿದ್ದೀವಿ." ಓರ್ಟ್ವಿನ್ ಗ್ಲಾಸನ್ನು ಮೇಜಿನ ಮೇಲಿಟ್ಟ. ಗಂಡಸರ ನಡುವಿನ ಪ್ರೀತಿಗೆ ಜೈಲು ಹಾಕುತ್ತಿದ್ದ ಕಾನೂನು ಬದಲಾಗಿ ಹದಿನೈದು ವರ್ಷವಾಗಿತ್ತು. ಆದರೆ ಈ ಮೂವರು ಪೊಲೀಸರಿಗೆ ಉತ್ತರ ಕೊಡಲು ಕಲಿತದ್ದು ಅದಕ್ಕೂ ಮುಂಚೆ, ಅದನ್ನೊಂದು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇನ್ನು ಅವರು ಮಾತು ಬದಲಿಸಿದರೂ ನಂಬುವವರಿಲ್ಲ. ಇಷ್ಟು ಹೊತ್ತಿಗೆ ಯಾರೋ ಅವನ ಕೋಣೆಯ ಹಾಸಿಗೆಯ ಹೊಲಿಗೆ ಬಿಚ್ಚುತ್ತಿರಬಹುದು, ಕಾಗದಗಳು ಈಸ್ಟರಿಗೆ ಮುಂಚೆಯೇ ಗೆಸೀನೆಯ ಕೈ ಸೇರುತ್ತವೆ. "ಕುಡಿಯೇ," ಎಂದು ಎಗ್ಗರ್ಟ್ ಅವನ ಬೆನ್ನು ತಟ್ಟಿದ. "ನಾವಿರೋವರೆಗೆ ನಿನ್ನ ಯಾರೂ ಮುಟ್ಟಲ್ಲ."