ಬಿಟ್ಟು ಹೋಗುವವರು ಬಡಿಸಿ ಹೋಗಬೇಕು

ಮಧ್ಯಾಹ್ನ ಮೂರು ಗಂಟೆ. ಮದ್ರಾಸಿನ ತ್ರಿಪ್ಲಿಕೇನಿನಲ್ಲಿ ಐತಾಳರ ಹೋಟೆಲಿನ ಮೆಟ್ಟಿಲ ಮೇಲೆ ನಿಂತ ದೀಕ್ಷಿತಾಳಿಗೆ ಕಾಲು ಮುಂದಕ್ಕೆ ಬರುತ್ತಿರಲಿಲ್ಲ. ಫೋನಿನಲ್ಲಿ ಒಂದು ಮೇಲ್ ಅರ್ಧ ಬರೆದಿಟ್ಟಿದ್ದಳು. 'ನಿಮ್ಮ ಆಫರನ್ನು ಈಗಾಗಲೇ ಒಪ್ಪಿಕೊಂಡಿದ್ದರೂ ಅನಿವಾರ್ಯ ಕಾರಣಗಳಿಂದ...' ಅಲ್ಲಿಂದ ಮುಂದೆ ಒಂದಕ್ಷರ ಹೋಗದೆ ಎರಡು ದಿನ ಕಳೆದಿತ್ತು. ಇವತ್ತು ಬೆಳಿಗ್ಗೆ, ಥೂ, ಇದೂ ಒಂದು ಧೈರ್ಯವೇ ಎಂದು ತನ್ನನ್ನು ತಾನೇ ಬೈದುಕೊಂಡು, ಪೆರಂಬೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಹೇಳುವುದಿದ್ದರೆ ಮುಖ ನೋಡಿಯೇ ಹೇಳಬೇಕು.

ಕಷ್ಟವೆಲ್ಲ ಇದ್ದದ್ದು ಆ ಮುಖದಲ್ಲೇ.

ಗಲ್ಲಾದ ಹಿಂದೆ ಕೂತಿದ್ದ ಜಯಪ್ರಕಾಶ್ ತಲೆಯೆತ್ತಿದ. ಅವಳನ್ನು ಕಂಡದ್ದೇ, ನಗು ಮೊದಲು ಕಣ್ಣಿಗೆ ಬಂತು, ಆಮೇಲೆ ನಿಧಾನಕ್ಕೆ ತುಟಿಗೆ.

"ಜಾಯಿನಿಂಗ್ ಗುರುವಾರ ಅಲ್ವಾ ಮೇಡಂ? ಇವತ್ತಿನ್ನೂ ಸೋಮವಾರ."

"ಸುಮ್ಮಾ ಬಂದೆ," ಎಂದಳು ದೀಕ್ಷಿತಾ.

"ಸುಮ್ಮನೆ ಯಾರೂ ಈ ಬಿಸಿಲಲ್ಲಿ ಬರುದಿಲ್ಲ, ಮಾರಾಯ್ರೆ. ಬನ್ನಿ, ನಿಮಗೊಂದು ತೋರಿಸ್ಲಿಕ್ಕುಂಟು."

ಅವನು ಆಗಲೇ ಮಹಡಿ ಮೆಟ್ಟಿಲು ಹತ್ತುತ್ತಿದ್ದ. ಇವಳು ಏನೆಂದು ಹೇಳಿಯಾಳು, ಪಾಪ? ಹಿಂದೆಯೇ ಹತ್ತಿದಳು.

ಐತಾಳರ ಹೋಟೆಲಿನವರು ತಮ್ಮ ಸಾರಿನ ಪುಡಿ, ಹುಳಿಪುಡಿಗಳನ್ನು ಪ್ಯಾಕೆಟ್ ಮಾಡಿ ಮಾರಲು ಹೊರಟಿದ್ದರು. ಅದನ್ನು ಪರೀಕ್ಷೆ ಮಾಡಲು ಒಬ್ಬರು ಕೆಮಿಸ್ಟ್ ಬೇಕಿತ್ತು. ಮೂರು ವಾರದ ಹಿಂದೆ ದೀಕ್ಷಿತಾ ಇಂಟರ್‌ವ್ಯೂಗೆ ಬಂದಾಗ ಕೃಷ್ಣರಾಜ ಐತಾಳರು ಮೂರೇ ಪ್ರಶ್ನೆ ಕೇಳಿ, ಅವಳನ್ನು ಬಾಳೆಲೆಯ ಮುಂದೆ ಕೂರಿಸಿಬಿಟ್ಟಿದ್ದರು. ಅದು ಆ ಹೋಟೆಲಿನ ಪದ್ಧತಿ. ಕೆಲಸಕ್ಕೆ ಸೇರುವವರು ಯಜಮಾನರ ಕೈಯಿಂದ ಬಡಿಸಿಕೊಂಡು ಉಣ್ಣಬೇಕು. ಉಂಡರೆ ಒಪ್ಪಿದಂತೆ. ಲೆಟರ್ ಎಲ್ಲ ಆಮೇಲೆ.

ಅಂದು ಪಾಯಸದ ಬಕೆಟ್ ಹಿಡಿದು ಬಂದವನು ಮಗ ಜಯಪ್ರಕಾಶ್. ಒಂದು ಸಲ ಬಡಿಸಿ ಮುಂದೆ ಹೋದವನು ಮತ್ತೆ ಹಿಂದಿರುಗಿ, ಕೇಳದೆಯೇ ಇನ್ನೊಂದು ಸೌಟು ಸುರಿದಿದ್ದ. "ಸಾಕು, ಸಾಕು" ಎಂದು ಇವಳು ಕೈ ಅಡ್ಡ ಹಿಡಿದಾಗ, "ಕೆಮಿಸ್ಟರು ಒಂದೇ ಸ್ಯಾಂಪಲ್‌ಗೆ ರಿಪೋರ್ಟ್ ಕೊಡ್ತೀರಾ?" ಎಂದು ಹುಬ್ಬು ಹಾರಿಸಿದ್ದ. ಆ ಹುಬ್ಬು ಕೆಳಗಿಳಿಯುವ ಮೊದಲೇ ದೀಕ್ಷಿತಾ ಮನಸ್ಸಿನಲ್ಲಿ ಕೆಲಸಕ್ಕೆ ಹೂಂ ಎಂದಾಗಿತ್ತು.

ಆಮೇಲೆ ದಿನಕ್ಕೊಂದು ನೆಪ, ನೆಪಕ್ಕೊಂದು ಮೆಸೇಜು. ತಕ್ಕಡಿ ಯಾವ ಕಂಪನಿಯದು ತರಲಿ ಎಂದು ಅವನು, ನಿಮ್ಮ ಮೆಣಸಿನಕಾಯಿ ಎಲ್ಲಿಯದು ಎಂದು ಇವಳು. ಮೆಣಸಿನಕಾಯಿಯ ಬಗ್ಗೆ ಹೀಗೆ ರಾತ್ರಿ ಊಟ ಆರಿಹೋಗುವಷ್ಟು ಮಾತಾಡಬಹುದು ಎಂದು ಇಬ್ಬರಿಗೂ ಮೊದಲು ಗೊತ್ತಿರಲಿಲ್ಲ.

ಹೋದ ಶುಕ್ರವಾರ ಊರಂಚಿನ ಮಣಲಿಯಿಂದ ಫೋನ್ ಬಂತು. ಅಲ್ಲಿನ ಪೆಟ್ರೋಕೆಮಿಕಲ್ ಕಾರ್ಖಾನೆಯ ರಿಸರ್ಚ್ ಲ್ಯಾಬು. ಎಂ.ಎಸ್ಸಿ ಮುಗಿದಂದಿನಿಂದ ಮೂರು ವರ್ಷ, ಮೂರು ಸಲ ಅವಳು ಪರೀಕ್ಷೆ ಬರೆದ ಜಾಗ. ಈ ಸಲ ಅವರು, ಬನ್ನಿ ಎಂದರು. ಅವಳು ಓದಿದ್ದು ಪಾಲಿಮರ್, ಕನಸು ಕಂಡದ್ದೂ ಅದನ್ನೇ. ಫೋನಿಟ್ಟ ಮೇಲೆ ಮನೆಯೊಳಗೆ ಕುಣಿದಳು. ಕುಣಿತ ಮುಗಿಯುವ ಮೊದಲೇ ಅಳು ಬಂತು.

"ಉಂಡ ಮನೆಗೆ ಎರಡು ಬಗೀತೀಯೇನೇ?" ಎಂದಿದ್ದರು ಅಮ್ಮ ವಿನೋದಾ. "ಹೋಗೋದಾದ್ರೆ ಹೋಗು. ಆದ್ರೆ ಕದ್ದು ಹೋಗ್ಬೇಡ."

ಮಹಡಿಯ ಮೇಲೆ ಜಯಪ್ರಕಾಶ್ ಒಂದು ಬಾಗಿಲು ತಳ್ಳಿದ. ಹಳೆಯ ಉಗ್ರಾಣದ ಕೋಣೆ. ಗೋಡೆಗೆ ಹೊಸ ಬಿಳಿ ಬಣ್ಣ ಹೊಡೆಸಿದ್ದ. ಕಿಟಕಿಯ ಪಕ್ಕ ಉದ್ದನೆಯ ಮೇಜು, ಅದರ ಮೇಲೆ ಅವಳು ಹೇಳಿದ ಕಂಪನಿಯದ್ದೇ ತಕ್ಕಡಿ, ಸಾಲಾಗಿ ಗಾಜಿನ ಬೀಕರುಗಳು.

"ಕುರ್ಚಿ ಎತ್ತರ ಸರಿ ಉಂಟಾ ನೋಡಿ. ನಿಮ್ಮ ಅಂದಾಜಿಗೆ ನಾನೇ ಕೂತು ನೋಡಿದೆ. ನೀವು ನನ್ನ ಭುಜಕ್ಕೆ ಬರ್ತೀರಲ್ಲ, ಅದರ ಲೆಕ್ಕದಲ್ಲಿ."

ಯಾವಾಗ ಅಳೆದನೋ ಮಹಾರಾಯ! ಬೇರೆ ದಿನವಾಗಿದ್ದರೆ ದೀಕ್ಷಿತಾ ಕೆಂಪಾಗಿ, ತಿರುಗಿ ಏನಾದರೂ ಅಂದಿರುತ್ತಿದ್ದಳು. ಇಂದು ಆ ಕುರ್ಚಿಯ ಕಡೆ ನೋಡಲೂ ಇಲ್ಲ.

"ನಾನು ಗುರುವಾರ ಬರಲ್ಲ."

"ಶುಕ್ರವಾರ ಬನ್ನಿ. ಅದಕ್ಕೇನು?"

"ಬರೋದೇ ಇಲ್ಲ, ಜಯಪ್ರಕಾಶ್. ಮಣಲಿಯಲ್ಲಿ ಕೆಲಸ ಸಿಕ್ಕಿದೆ. ನಾನು ಓದಿದ ಕೆಲಸ. ಸಾರಿ. ತುಂಬಾ ಸಾರಿ."

ಅವನು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದ. ಮುಖದ ನಗು ಹೋಗಬೇಕೋ ಇರಬೇಕೋ ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿದು, ಆಮೇಲೆ ಹೋಯಿತು.

"ಒಳ್ಳೆಯದಾಯ್ತು," ಎಂದ. "ಹುಳಿಪುಡಿ ನೋಡಿಕೊಂಡು ಕೂರ್ಲಿಕ್ಕೆ ನೀವು ಅಷ್ಟೆಲ್ಲ ಓದಿದ್ದಲ್ಲ. ಅಪ್ಪನಿಗೆ ನೀವೇ ಹೇಳಿಬಿಡಿ."

ಬೈದಿದ್ದರೂ ಪರವಾಗಿರಲಿಲ್ಲ. ಅವನು ತಮಾಷೆಯಿಲ್ಲದೆ ಇಷ್ಟು ಮರ್ಯಾದೆಯಿಂದ ಮಾತಾಡಿದ್ದನ್ನು ಅವಳು ಇದೇ ಮೊದಲು ಕೇಳಿದ್ದು.

ಕೆಳಗೆ ಅಡುಗೆಮನೆಯ ಬಾಗಿಲಲ್ಲಿ ಐತಾಳರು ಸಂಜೆಯ ಟಿಫಿನ್ನಿಗೆ ತೆಂಗಿನಕಾಯಿ ಆರಿಸುತ್ತಿದ್ದರು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸುತ್ತ ಅವಳ ಮಾತನ್ನೆಲ್ಲ ಕೇಳಿದರು.

"ಮಣಲಿಯಾ? ದೊಡ್ಡ ಕೆಲಸವೇ ಬಿಡು. ನಾನೂ ಮದ್ರಾಸಿಗೆ ಬಂದ ವರ್ಷ ಒಂದು ಹೋಟ್ಲಲ್ಲಿ ಉಂಡು ಇನ್ನೊಂದಕ್ಕೆ ಓಡಿದವನೇ. ಹೇಳದೆ ಓಡಿದ್ದೆ. ನೀನು ಬಂದು ಹೇಳಿದೆಯಲ್ಲ ಮಗಾ, ಅಷ್ಟಾದ್ರೂ ಉಂಟು."

ದೀಕ್ಷಿತಾಳ ಕಣ್ಣು ತುಂಬಿತು. "ನಿಮಗೆ ಕೋಪ ಇಲ್ವಾ ಅಂಕಲ್?"

"ಉಂಟು. ಅದಕ್ಕೂ ಇಲ್ಲೊಂದು ಪದ್ಧತಿ ಉಂಟು. ಉಂಡು ಸೇರಿದವರು ಬಡಿಸಿ ಹೋಗ್ಬೇಕು. ಯಾರಿಗೆ ಹೆಚ್ಚು ಬೇಜಾರಾಗಿದೆಯೋ ಅವರಿಗೆ." ಐತಾಳರು ಮಗನ ಕಡೆ ನೋಡಿದರು. "ನನ್ನದು ಊಟ ಆಗಿದೆ. ಇವ ಬೆಳಿಗ್ಗೆಯಿಂದ ಆ ಕೋಣೆಯಲ್ಲೇ ಬಿದ್ದುಕೊಂಡಿದ್ದ, ಏನೂ ತಿಂದಿಲ್ಲ."

"ಅಪ್ಪಾ, ನನಗೆ ಹಸಿವಿಲ್ಲ," ಎಂದ ಜಯಪ್ರಕಾಶ್.

"ಪದ್ಧತಿಗೆ ಹಸಿವೆಂಥದು? ಕೂತ್ಕೋ."

ಖಾಲಿ ಹಾಲಿನ ಮೂಲೆಯ ಮೇಜಿಗೆ ಜಯಪ್ರಕಾಶ್ ಕೂತ. ದೀಕ್ಷಿತಾ ಎಲೆ ಹಾಸಿದಳು. ಅವನು ಅದನ್ನು ನೋಡಿದ, ಅವಳನ್ನು ನೋಡಿದ.

"ತುದಿ ಎಡಕ್ಕೆ ಬರ್ಬೇಕು."

ಎಲೆ ತಿರುಗಿಸಿದಳು. ನೇರ ಅನ್ನದ ಬೋಗುಣಿಗೆ ಕೈಹಾಕಿದಳು.

"ಮೊದಲು ಉಪ್ಪು."

"ಎಲ್ಲಿಗೆ?"

"ಎಡ ಮೂಲೆಗೆ. ಎಂ.ಎಸ್ಸಿಯಲ್ಲಿ ಇದೆಲ್ಲ ಹೇಳಿಕೊಡುದಿಲ್ವಾ?"

ಅವನ ದನಿಯಲ್ಲಿ ಹಳೆಯ ತುಂಟತನ ಒಂದು ಎಳೆಯಷ್ಟು ಇಣುಕಿತ್ತು. ದೀಕ್ಷಿತಾಳಿಗೆ ಉಸಿರು ಬಂದಂತಾಯಿತು. ಉಪ್ಪು ಹಾಕಿದಳು, ಪಲ್ಯ ಹಾಕಿದಳು, ಅನ್ನ ಹಾಕಿ ಸಾರು ಬಿಟ್ಟಳು. ಸಾರು ಹೆಚ್ಚಾಗಿ ಪಲ್ಯದವರೆಗೂ ಹರಿಯಿತು. ಅವನು ಅಣೆಕಟ್ಟು ಕಟ್ಟುವವನಂತೆ ಬೆರಳಲ್ಲಿ ಅದನ್ನು ತಡೆದ.

"ಒಂದು ಮಾತು ಹೇಳ್ಲಾ?" ಎಂದಳು, ಸೌಟು ಕೈಯಲ್ಲೇ ಇತ್ತು. "ಹುಳಿಪುಡಿ ಮೇಲಿನ ಪ್ರೀತಿಯಿಂದ ನಾನು ಈ ಕೆಲಸ ಒಪ್ಪಿಕೊಂಡಿದ್ದಲ್ಲ. ದಿನಾ ಇಲ್ಲಿಗೆ ಬಂದ್ರೆ ದಿನಾ ನೀವು ಕಾಣ್ತೀರಿ ಅಂತ. ಅದು ತಪ್ಪು ಅಂತ ಮಣಲಿ ಫೋನ್ ಬಂದಾಗಲೇ ಗೊತ್ತಾಗಿದ್ದು. ನಾನೀಗ ಬೇಡ ಅಂದಿದ್ದು ಕೆಲಸಕ್ಕೆ. ನಿಮಗೆ... ನಿಮಗೆ ಬೇಡ ಅನ್ನಲ್ಲ. ಕಂಡಿಪ್ಪಾ, ಖಂಡಿತ ಅನ್ನಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿಯೆಲ್ಲ ಬಿಸಿಯಾಗಿತ್ತು. ಜಯಪ್ರಕಾಶ್ ಕಲಸಿದ ತುತ್ತನ್ನು ಎಲೆಯ ಮೇಲೆಯೇ ಬಿಟ್ಟ.

"ನಾನೂ ಬಾಯಿ ಮುಚ್ಚಿಕೊಂಡೇ ಇದ್ದೆ. ನಮ್ಮ ಹತ್ತಿರ ಕೆಲಸಕ್ಕೆ ಬರುವ ಹುಡುಗಿಗೆ ನಾನು ಏನಾದ್ರೂ ಹೇಳಿದ್ರೆ, ಅವಳಿಗೆ ಇಲ್ಲ ಅನ್ಲಿಕ್ಕೆ ಕಷ್ಟ ಆಗ್ತದಲ್ಲ." ಅವಳನ್ನು ನೇರ ನೋಡಿದ. ಆ ನೋಟದಲ್ಲಿ ತಮಾಷೆ ಇರಲಿಲ್ಲ. "ಆದ್ರೆ ಒಂದು ಹೆದರಿಕೆ ಉಂಟು, ದೀಕ್ಷಿತಾ. ಇವತ್ತು ಒಳ್ಳೆ ಆಫರ್ ಬಂತು, ಒಪ್ಪಿದ್ದನ್ನು ಬಿಟ್ಟಿರಿ. ನಾಳೆ ನನಗಿಂತ ಒಳ್ಳೆ ಆಫರ್ ಬಂದ್ರೆ?"

ನ್ಯಾಯವಾದ ಪ್ರಶ್ನೆ. ಅವಳಿಗೆ ಚುಚ್ಚಿತು, ಚುಚ್ಚಲೇಬೇಕಿತ್ತು. ಸಿನಿಮಾದವರ ಹಾಗೆ ಏಳು ಜನ್ಮದ ಮಾತು ಆಡಬಹುದಿತ್ತು. ಆಡಲಿಲ್ಲ. ಸೌಟನ್ನು ಕೆಳಗಿಟ್ಟು ಅವನ ಎದುರಿನ ಕುರ್ಚಿಯಲ್ಲಿ ಕೂತಳು.

"ಮಣಲಿ ಕೆಲಸ ನನಗೆ ಮೂರು ವರ್ಷದಿಂದ ಬೇಕಿತ್ತು. ಎರಡು ಸಲ ಅವರು ಬೇಡ ಅಂದ್ರು, ಆದ್ರೂ ಮನಸ್ಸು ಬದಲಾಗಲಿಲ್ಲ. ನನಗೆ ನಿಜವಾಗಿ ಬೇಕಾದ್ದನ್ನ ನಾನು ಬಿಡೋಳಲ್ಲ. ಈ ಕೆಲಸಕ್ಕೆ ಬೇರೆ ಆಸೆ ಇಟ್ಕೊಂಡು ಹೂಂ ಅಂದಿದ್ದೆ, ಅದನ್ನ ಬಿಟ್ಟೆ ಅಷ್ಟೆ. ನಿಮ್ಮ ವಿಷಯದಲ್ಲಿ ಅಂಥ ಬೇರೆ ಆಸೆ ಇಲ್ಲ, ಬೇಕಾದ್ದು ನೀವೊಬ್ರೇ. ನಂಬಿ ಅಂತ ಬಲವಂತ ಮಾಡಲ್ಲ. ಟೈಮ್ ತಗೊಳ್ಳಿ. ನಾನು ಕಾಯ್ತೀನಿ."

ಅವನು ಎಲೆಯ ಕಡೆಗೆ ಬಾಗಿ ಉಣ್ಣತೊಡಗಿದ. ಸಾರು ಸೇರಿದ ಪಲ್ಯ, ಹೆಚ್ಚಾದ ಉಪ್ಪು, ಒಂದನ್ನೂ ಬಿಡದೆ ಉಂಡ. ಅವಳು ಅವನ ಒಂದೊಂದು ತುತ್ತನ್ನೂ ನೋಡುತ್ತ ಕೂತಿದ್ದಳು. ಇಷ್ಟು ಉದ್ದದ ಊಟವನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ.

ಕೊನೆಗೆ ಅವನು ತಲೆಯೆತ್ತಿದ. ಮೊದಲು ಕಣ್ಣು ನಕ್ಕಿತು.

"ಮಣಲಿಯಲ್ಲಿ ಎಷ್ಟು ಗಂಟೆಗೆ ಬಿಡ್ತಾರೆ?"

"ಐದೂವರೆಗೆ. ಯಾಕೆ?"

"ಗೇಟಿನ ಹತ್ತಿರ ಬರ್ತೇನೆ. ಮೊದಲ ದಿನ ಹೇಗಿತ್ತು ಅಂತ ಬೇರೆಯವರ ಹತ್ತಿರ ಹೇಳ್ಬೇಡಿ. ನನಗೇ ಮೊದಲು ಹೇಳ್ಬೇಕು."

"ಐದೂವರೆಗೆ ನಿಮಗೆ ಟಿಫಿನ್ ರಷ್ ಅಲ್ವಾ? ಗಲ್ಲಾ?"

ಅಡುಗೆಮನೆಯೊಳಗಿಂದ, ಇಷ್ಟು ಹೊತ್ತೂ ತೆಂಗಿನಕಾಯಿಯ ಸದ್ದೇ ಬಂದಿರದಿದ್ದ ಕಡೆಯಿಂದ, ಐತಾಳರ ದನಿ ಕೇಳಿತು.

"ಗಲ್ಲಾದಲ್ಲಿ ನಾನು ಕೂತ್ಕೊಳ್ತೇನೆ, ಮಾರಾಯ್ತಿ! ಇವನಿಗೆ ನಾಲ್ಕಕ್ಕೇ ಹೊರಡ್ಲಿಕ್ಕೆ ಹೇಳು. ಆ ರೋಡಲ್ಲಿ ಲಾರಿ ಜಾಸ್ತಿ."