ವೇಟ್ ಎಂಬ ಕ್ರಿಯಾಪದ

ಚಿತ್ರದುರ್ಗದಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿ. ಹೊಳಲ್ಕೆರೆಯಿಂದ ಬಂದ ಬಿಂದುವಿನ ಕಾಲು ಬಾಗಿಲಲ್ಲೇ ತಡೆಯಿತು. ಮುಂದಿನ ಬೆಂಚಿನಲ್ಲಿ ನಾಗಭೂಷಣ ಕುಳಿತಿದ್ದ.

ಹೋದ ವರ್ಷ ಇಂಥದೇ ತರಬೇತಿಯಲ್ಲಿ ಪರಿಚಯವಾಗಿ, ಕೊನೆಗೊಂದು ದಿನ ಮದುವೆಯ ಮಾತನ್ನೂ ಆಡಿದವನು. ಅವನದು ಹಿರಿಯೂರು ಕಡೆಯ ಜವನಗೊಂಡನಹಳ್ಳಿಯಲ್ಲಿ ಕುರಿ ಸಾಕುವ ಮನೆ; ಅವಳದು ಮಠಕ್ಕೆ ನಡೆದುಕೊಳ್ಳುವ ವ್ಯಾಪಾರಿಗಳ ಮನೆ. "ಅಕ್ಕನ ಮದುವೆ ಆಗ್ಲಿ, ಅಲ್ಲೀವರೆಗೆ ವೇಟ್ ಮಾಡ್ರಿ. ಫೋನ್ ಮಾಡ್ಬ್ಯಾಡ್ರಿ" ಎಂದಿದ್ದಳು.

ಅಕ್ಕನ ಮದುವೆ ಮುಗಿದು ತಿಂಗಳುಗಳೇ ಆಗಿದ್ದವು. ಅಪ್ಪಾಜಿಯ ಎದುರು ಹೋದಾಗಲೆಲ್ಲ ಅವಳ ನಾಲಿಗೆ ಒಣಗುತ್ತಿತ್ತು. ಅವನೂ ಫೋನ್ ಮಾಡಲಿಲ್ಲ. ಮರೆತೇಬಿಟ್ಟನೆಂದು ದಿಂಬಿಗೆ ಮುಖವೊತ್ತಿ ಅತ್ತಿದ್ದಳು.

ಒಬ್ಬೊಬ್ಬರೂ ಒಂದು ಕ್ರಿಯಾಪದದ ಪಾಠ ಮಾಡಬೇಕಿತ್ತು. ಅವನು ಬೋರ್ಡಿನ ಮೇಲೆ 'ವೇಟ್' ಎಂದು ಬರೆದ.

"ಇದು ಹಳೇ ಫ್ರೆಂಚಿಂದ ಇಂಗ್ಲಿಷಿಗೆ ಬಂದಿದ್ದು. ಮೊದ್ಲಿನ ಅರ್ಥ ಕಾವಲು ಇರೋದು, ಕಣ್ಣಿಟ್ಟು ನೋಡೋದು. ಯಾರಾದ್ರೂ ಬರ್ಲಿ ಅಂತ ಇರೋದು ಆಮೇಲಿಂದು. ನಮ್ಮಲ್ಲೂ ಹಂಗೇ ಅಲ್ವೇನ್ರಿ? ನಮ್ಮಪ್ಪ ಕುರಿ ಕಾಯ್ತಾನೆ, ನಾನು ಬಸ್ಸಿಗೆ ಕಾಯ್ತೀನಿ. ಪದ ಒಂದೇ."

ಎಲ್ಲರೂ ನಕ್ಕರು. ಅವನ ನೋಟ ಬಿಂದುವಿನ ಮೇಲೆ ಒಂದು ಗಳಿಗೆ ತಂಗಿ, ಸರಕ್ಕನೆ ಕಿಟಕಿಯಾಚೆಗೆ ಹಾರಿತು. ಅವಳಿಗೆ ಕಿವಿಯವರೆಗೂ ಬಿಸಿಯೇರಿತು.

ಟೀ ಹೊತ್ತಿನಲ್ಲಿ ಅವನು ನಿಂತಿದ್ದ ಬೇವಿನ ಮರದಡಿಗೆ ಅವಳೇ ಹೋದಳು.

"ನೀವು ಯಾವ ಅರ್ಥದಾಗೆ ಕಾಯ್ತಿದ್ರಿ?"

"ಎರಡ್ರಾಗೂ." ಅವನು ಲೋಟವನ್ನೇ ನೋಡುತ್ತಿದ್ದ. "ಬರ್ತೀರಿ ಅಂತ ಕಾಯ್ದೆ. ನಿಮ್ ಹೆಸ್ರು ಯಾರ ಬಾಯಿಗೂ ಬೀಳಬಾರ್ದು ಅಂತಾನೂ ಕಾಯ್ದೆ. ಒಂದಿನ ನಿಮ್ ಸ್ಕೂಲ್ ಗೇಟ್‌ತನಕ ಬಂದು, ದೂರದಿಂದ ನೋಡಿ ವಾಪಸ್ ಹೋದೆ."

"ಕರೀಬಾರ್ದಿತ್ತಾ?"

"ಬ್ಯಾಡ ಅಂದಿದ್ರಲ್ಲ."

"ಈಗ?"

"ಭಾನುವಾರ ಆದಿವಾಲಕ್ಕೆ ಹೆಣ್ಣು ನೋಡಾಕೆ ಹೋಗಾಣ ಅಂತ ಅವ್ವ ಹಠ ಹಿಡಿದಾಳೆ. ನಿಮ್ ಹೆಸ್ರು ಹೇಳ್ದೆ ಏನಂತ ತಪ್ಪಿಸ್ಕೊಳ್ಲಿ, ಬಿಂದು?"

ಸಂಜೆ ಬಸ್ ಸ್ಟ್ಯಾಂಡಿಗೆ ಹೊಳಲ್ಕೆರೆ ಬಸ್ಸು ಬಂತು.

"ಹತ್ರಿ, ಸೀಟ್ ಸಿಗಲ್ಲ" ಎಂದ ನಾಗಭೂಷಣ.

ಅವಳು ಕದಲಲಿಲ್ಲ. ಬಸ್ಸು ತುಂಬಿಕೊಂಡು ಹೊರಟೇಹೋಯಿತು.

"ಹಿರಿಯೂರ್ ಬಸ್ ಯಾವಾಗ್ರೀ?"

"ಯಾಕೆ?"

"ನಿಮ್ಮವ್ವನ್ನ ಮಾತಾಡ್ಸಬೇಕು."

ಪೂರ್ತಿ ಅರಳಲು ಹೆದರಿದಂತೆ ಅವನ ನಗು ತುಟಿಯಂಚಿನಲ್ಲೇ ಉಳಿಯಿತು. ಬಿಂದು ಫೋನ್ ತೆಗೆದಳು.

"ಅಪ್ಪಾಜಿ, ಇವತ್ತು ತಡ ಆಗ್ತೈತೆ. ಜವನಗೊಂಡನಹಳ್ಳಿಗೆ ಹೋಗ್ತಿದೀನಿ. ಯಾಕಂತ ಮನೆಗೆ ಬಂದು..."

ಮಾತು ತಡೆದು ನಾಗಭೂಷಣನ ಕಡೆ ನೋಡಿದಳು. ಅವನು ಉಸಿರು ಬಿಗಿಹಿಡಿದಿದ್ದ.

"ಇಲ್ಲ, ಅಪ್ಪಾಜಿ. ಈಗ್ಲೇ ಹೇಳ್ತೀನಿ, ಕೇಳ್ರಿ."