ಐದಕ್ಕೆ ನಾಲ್ಕು ನಿಮಿಷ

“ಇದು ಯಾರ ಟವೆಲ್ರಿ?”

ಸುನಿತಾಳ ಧ್ವನಿ ಇಡೀ ಗ್ರಂಥಾಲಯಕ್ಕೆ ಕೇಳಿಸಿತು. ಪೇಪರ್ ಓದುತ್ತಿದ್ದ ನಾಲ್ಕು ತಲೆಗಳು ಒಟ್ಟಿಗೆ ಮೇಲೆದ್ದವು.

ಮೂರನೇ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೆಂಪು ಅಂಚಿನ ಟವೆಲ್ಲೊಂದು ಮಹಾರಾಜನಂತೆ ಕುಳಿತಿತ್ತು!

“ನಂದ್ರಿ...” ನಲ್ಲಿಯ ಕಡೆಯಿಂದ ಒಬ್ಬ ಯುವಕ ಒದ್ದೆ ಕೈ ಝಾಡಿಸುತ್ತ ಬಂದ. ಕೂದಲ ತುಂಬ ಕಲ್ಲಿನ ಬಿಳಿ ಪುಡಿ. “ಸೀಟ್ ಹಿಡದೀನಿ.”

“ಇದೇನ್ ಕಾಳಗಿ ಬಸ್ ಏನ್ರಿ, ಕಿಟಕ್ಯಾಗ ಟವೆಲ್ ಒಗದು ಸೀಟ್ ಹಿಡೀಲಿಕ್ಕ?”

ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿಗಳು ಕೆಂಪಾದವು.

“ಬಸ್ಸಿನ್ಯಾಗ ನಡೀತದಲ್ರಿ...”

“ಅಲ್ಲಿ ನಡೀತದ ಬೇಟಾ. ಇಲ್ಲಿ ನಾ ಅದೀನಿ!” ಎಂದು ಮೇಜಿನ ಹಿಂದಿನಿಂದ ಎದ್ದವರು ಹಸೀನಾಬೇಗಂ. ಚಿತ್ತಾಪುರದ ಆ ಪುಟ್ಟ ಗ್ರಂಥಾಲಯವನ್ನು ಹತ್ತೊಂಬತ್ತು ವರ್ಷದಿಂದ ನಡೆಸುತ್ತಿದ್ದ ಮೇಡಂ. ಅವರು ಗೋಡೆಯ ಮೇಲಿನ ರಟ್ಟಿನತ್ತ ಬೆರಳು ತೋರಿಸಿದರು. ಕಂಪ್ಯೂಟರಿನ ನಿಯಮಗಳೆಲ್ಲ ಅವರದೇ ದುಂಡು ಅಕ್ಷರದಲ್ಲಿ ಅಲ್ಲಿದ್ದವು.

ಒಬ್ಬರಿಗೆ ಅರ್ಧ ಗಂಟೆ. ಸರದಿಗೆ ರಿಜಿಸ್ಟರಿನಲ್ಲಿ ಹೆಸರು. ಕೈ ತೊಳೆದು ಮುಟ್ಟಬೇಕು. ಮಾತು ಕೂಡದು. ಏಳುವ ಮುಂಚೆ ತಮ್ಮ ಖಾತೆ ಮುಚ್ಚಬೇಕು. ಬೇರೆಯವರ ಖಾತೆ ತೆರೆದಿದ್ದರೆ ಮುಟ್ಟದೆ ಮೇಡಂಗೆ ತಿಳಿಸಬೇಕು. ಮುಟ್ಟಿದವರಿಗೆ ಒಂದು ತಿಂಗಳು ಬಂದ್. ಸಂಜೆ ಯಂತ್ರ ಆರಿಸಿದಾಗ ಅದರಲ್ಲಿ ಬರೆದದ್ದೆಲ್ಲ ತಾನಾಗಿ ಅಳಿಸಿಹೋಗುತ್ತದೆ.

ಮೇಡಂ ಕೆಂಪು ಪೆನ್ನು ತೆಗೆದು, ಎಲ್ಲರ ಕಣ್ಣೆದುರೇ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ‘ಟವೆಲ್, ಕರ್ಚೀಫು, ಚಪ್ಪಲಿ ಇಟ್ಟರೆ ಸೀಟು ಆಗುವುದಿಲ್ಲ.’

“ನೋಡ್ರಿ, ನಿಮ್ಮ ಸಲುವಾಗಿ ಹೊಸ ಕಾನೂನೇ ಬಂತು!” ಎಂದಳು ಸುನಿತಾ.

ಅವನು ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು ನಕ್ಕುಬಿಟ್ಟ. “ಕುಂದ್ರಿ ಮೇಡಮ್ಮೋರೆ. ನಿಮ್ಮದೇ ರಾಜ್ಯ.”

ಆ ನಗು... ಛೇ, ಸಿಟ್ಟಿನ ನಡುವೆ ಅದನ್ನೇಕೆ ನೋಡಿದೆ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಅವನ ಹೆಸರು ಅಂಬರೇಶ ಎಂದು ರಿಜಿಸ್ಟರ್ ಹೇಳಿತು. ವಾಡಿಯ ಹೊರಗೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕಾರ್ಖಾನೆಯಲ್ಲಿ ಬೆಳಿಗ್ಗೆಯಿಂದ ಕಲ್ಲು ಕೊಯ್ಯುತ್ತಿದ್ದ. ಸಂಜೆ ಇಲ್ಲಿ ರೈಲ್ವೆ ಪರೀಕ್ಷೆಗೆ ಮಾದರಿ ಟೆಸ್ಟುಗಳ ಅಭ್ಯಾಸ. ಪರೀಕ್ಷೆ ಕಂಪ್ಯೂಟರಿನಲ್ಲೇ, ಆದರೆ ಅವನ ಬೆರಳಿಗೆ ಮೌಸ್ ಎಂದರೆ ಜಾರುವ ಮೀನು!

ಸುನಿತಾ ಗುಂಡಗುರ್ತಿಯವಳು. ಬಿ.ಎಡ್ ಸೀಟಿಗೆ ಅರ್ಜಿ ಹಾಕಿದ್ದಳು. ಮೊಬೈಲಿನಲ್ಲಿ ಆ ಪುಟ ತೆರೆಯುತ್ತಿರಲಿಲ್ಲ, ಹಾಗಾಗಿ ಇಲ್ಲಿಗೆ ಬರುತ್ತಿದ್ದಳು. ಅಪ್ಪ ಬಸವಂತರಾಯ ಒಂದೇ ಮಾತು ಹೇಳಿದ್ದರು: “ಈ ವರ್ಷ ಸೀಟ್ ಸಿಕ್ಕರ ಓದವ್ವ. ಸಿಗಲಿಲ್ಲಂದ್ರ ಚಿಮ್ಮನಚೋಡದ ಮಂದಿಗಿ ಹ್ಞೂಂ ಅಂತೀನಿ.”

ಚಿಮ್ಮನಚೋಡದ ವರ ಫೋಟೋದಲ್ಲೇ ಆಕಳಿಸುವಂತಿದ್ದ. ಸೀಟು ಸಿಗಲೇಬೇಕಿತ್ತು!

ಮಾತು ಕೂಡದು ಎಂಬ ನಿಯಮವೇ ಅವರಿಬ್ಬರನ್ನೂ ಕೆಡಿಸಿತು, ಓದುಗರೆ. ಮಾತಾಡಬಹುದಾಗಿದ್ದರೆ ಎರಡು ದಿನ ಜಗಳಾಡಿ ಸುಮ್ಮನಾಗುತ್ತಿದ್ದರೇನೋ. ಪಕ್ಕಪಕ್ಕದ ಕಂಪ್ಯೂಟರ್ ಸಿಕ್ಕ ಮೂರನೇ ದಿನ, ಅವನ ಪರದೆಯಲ್ಲಿ ಖಾಲಿ ಹಾಳೆ ತೆರೆದು ದೊಡ್ಡ ಅಕ್ಷರಗಳು ಮೂಡತೊಡಗಿದವು. ಒಂದೊಂದಾಗಿ, ಒಂದೇ ಬೆರಳಿನಲ್ಲಿ.

‘ಟ ವೆ ಲ್ ಮಾ ಫ್?’

ಸುನಿತಾ ತುಟಿ ಕಚ್ಚಿ ನಗು ತಡೆದಳು. ತನ್ನ ಪರದೆಯಲ್ಲಿ ಬರೆದಳು: ‘ವಿಚಾರ ಮಾಡ್ತೀನಿ. ಇವತ್ತ ಎಷ್ಟು ಮಾರ್ಕ್ಸ್?’

‘ನಲವತ್ತೊಂದು.’

‘ಛೀ!’

‘ನಿನ್ನೆ ಮೂವತ್ತೆಂಟು. ಹೊಗಳ್ರಿ.’

ಹೀಗೆ ದಿನಕ್ಕೆ ಅರ್ಧ ಗಂಟೆ. ಅವನು ಒಂದು ಅಕ್ಷರ ಹುಡುಕುವಷ್ಟರಲ್ಲಿ ಅವಳ ಎದೆ ಹತ್ತು ಸಲ ಬಡಿಯುತ್ತಿತ್ತು. ‘ಕಲಬುರಗಿ ಕಾಲೇಜಿಗಿ ಹೋಗಬೇಕಂತ ಆಸೆ,’ ಎಂದು ಅವಳು ಯಾರಿಗೂ ಹೇಳದ್ದನ್ನು ಆ ಪರದೆಗೆ ಬರೆದಳು. ‘ಅಪ್ಪಗ ಸೇಡಂ ಆದ್ರ ಬೇಷಿತ್ತು. ಅಲ್ಲಿ ಅತ್ತಿ ಮನಿ ಅದ.’

‘ಓದೋರು ಯಾರು? ಅತ್ತೀನಾ?’ ಎಂದು ಬಂತು ಉತ್ತರ.

ಸಂಜೆ ಮೇಡಂ ಯಂತ್ರ ಆರಿಸುತ್ತಿದ್ದರು. ಬರೆದದ್ದೆಲ್ಲ ಅಳಿಸುತ್ತಿತ್ತು. ಗುಂಡಗುರ್ತಿಯ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದ ಹುಡುಗಿಗೆ ಮಾತ್ರ ಒಂದಕ್ಷರವೂ ಅಳಿಸುತ್ತಿರಲಿಲ್ಲ...

ಮಂಗಳವಾರ ಬಂತು. ಕಾಲೇಜುಗಳನ್ನು ಆಯ್ಕೆ ಮಾಡುವ ದಿನ.

ಅಂದು ಎರಡನೇ ಕಂಪ್ಯೂಟರ್ ಕೆಟ್ಟಿತ್ತು. ಮೂರನೆಯದರಲ್ಲಿ ಮೊದಲು ಅವಳ ಸರದಿ, ಆಮೇಲೆ ಅಂಬರೇಶನದು. ಸುನಿತಾ ಒಂದನೇ ಆಯ್ಕೆ ಕಲಬುರಗಿ ಎಂದು ತುಂಬಿದಳು. ಎರಡನೆಯದು ಸೇಡಂ. ‘ಸಲ್ಲಿಸು’ ಎಂಬ ಹಸಿರು ಗುಂಡಿಯ ಹತ್ತಿರ ಬಂದು ಬೆರಳು ನಿಂತಿತು.

ಅಪ್ಪ ಏನಂದಾರು? ಸೇಡಂ ಮೇಲಿಡಲೇ?

ಪುಟದ ನೆತ್ತಿಯಲ್ಲಿ ಕೆಂಪಕ್ಷರ ಹೇಳುತ್ತಿತ್ತು: ಇಂದು ಸಂಜೆ ಐದಕ್ಕೆ ಕೊನೆ. ಆದರೆ ಬೆಳಿಗ್ಗೆಯೇ ಗೆಳತಿ ಶೈಸ್ತಾ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಿದ್ದಳಲ್ಲ, ಒಂದು ದಿನ ಹೆಚ್ಚು ಕೊಟ್ಟಿದ್ದಾರೆಂದು! ಕೆಂಪಕ್ಷರ ಹಳೆಯದಿರಬೇಕು, ತಿದ್ದಿಲ್ಲ. ಇವತ್ತು ಅಪ್ಪನನ್ನು ಕೇಳಿ ನಾಳೆ ಒತ್ತಿದರಾಯಿತು...

ಹೊರಗೆ ಬಸ್ಸಿನ ಹಾರನ್! ನಾಲ್ಕು ಮುಕ್ಕಾಲಿನ ಬಸ್ಸು. ಸುನಿತಾ ಬ್ಯಾಗು ಎತ್ತಿ ಓಡಿದಳು.

ಖಾತೆ ಮುಚ್ಚಲಿಲ್ಲ.

ಮರುದಿನ ಬಂದು ಪುಟ ತೆರೆದವಳು ಅಲ್ಲಿದ್ದ ಸಾಲನ್ನು ಎರಡೆರಡು ಸಲ ಓದಿದಳು. ‘ಅಂತಿಮವಾಗಿ ಸಲ್ಲಿಸಲಾಗಿದೆ. ಸಮಯ: ನಿನ್ನೆ, 4:56. ಇನ್ನು ತಿದ್ದಲಾಗದು.’

ನಾಲ್ಕು ಐವತ್ತಾರಕ್ಕೆ ಅವಳು ಬಸ್ಸಿನಲ್ಲಿದ್ದಳು! ಹಾಗಾದರೆ ಒತ್ತಿದವರು ಯಾರು?

ಹಿಂದಿನ ರಾತ್ರಿ ಅಪ್ಪ ಸ್ಪಷ್ಟವಾಗಿ ಹೇಳಿದ್ದರು: ಸೇಡಂ ಮೊದಲು. ಈಗ ಕಲಬುರಗಿ ಸೀಟೇ ಸಿಕ್ಕು, ಅಪ್ಪ ಬೇಡವೆಂದರೆ? ಓದೂ ಇಲ್ಲ, ಏನೂ ಇಲ್ಲ. ಚಿಮ್ಮನಚೋಡ!

ಅವಳ ಕೂಗಿಗೆ ಹಸೀನಾಬೇಗಂ ರಿಜಿಸ್ಟರ್ ತಿರುವಿದರು. ಅವಳ ನಂತರ ಒಂದೇ ಹೆಸರು. ಅದೇ ಹೊತ್ತಿಗೆ ಬಾಗಿಲಲ್ಲಿ ಅಂಬರೇಶ.

“ನೀವೇನ್ರಿ ಒತ್ತಿದ್ದು?” ಎಂದಳು ಸುನಿತಾ.

“ಹೌದ್ರಿ, ನಾನೇ,” ಎಂದ ಅವನು ತಡವರಿಸದೆ. “ಐದಕ್ಕ ಮುಗೀತಿತ್ತು. ನಿಮ್ಮ ನಂಬರ್ ನನ್ನ ಹತ್ರ ಇದ್ದಿಲ್ಲ...”

“ಸುಳ್ಳು! ಒಂದಿನ ಹೆಚ್ಚು ಕೊಟ್ಟಾರ. ನನ್ನ ಬಾಳೇ ಅದು, ಅದರ ಮ್ಯಾಲ ಕೈ ಹಾಕ್ಲಿಕ್ಕ ನೀವ್ ಯಾರ್ರಿ?”

“ಸುನಿತಾ, ಒಂದ್ ಮಿನಿಟ್ ಕೇಳ್ರಿ...”

“ಪರದೀ ಮ್ಯಾಲ ನಾಕ್ ಮಾತು ಬರದ್ರ ಹಕ್ಕು ಬರ್ತದೇನು? ಇದೂ ಟವೆಲ್ ಹಾಕಿದಂಗ ಅಂದ್ಕೊಂಡ್ರಾ?”

ಅವನ ಮುಖದಲ್ಲಿ ಏನೋ ಮುರಿಯಿತು. ಅದು ಅವಳಿಗೆ ಕಂಡಿತು. ಕಂಡರೂ ಅವಳು ಮೇಡಂ ಕೊಟ್ಟ ದೂರಿನ ಕಾಗದಕ್ಕೆ ಸಹಿ ಹಾಕಿದಳು.

ಒಂದು ತಿಂಗಳು ಬಂದ್. ಅವನ ಪರೀಕ್ಷೆಗೆ ಉಳಿದದ್ದು ಮೂರೇ ವಾರ.

ಮೇಡಂ ಅವನ ಹೇಳಿಕೆ ಬರೆಸಿಕೊಂಡರು. ಅವನು ಬರೆದುಕೊಟ್ಟು ಹೋದ. ಪಕ್ಕದ ಕುರ್ಚಿ ಖಾಲಿಯಾಯಿತು.

ಹೋಗಲಿ! ಎಂದುಕೊಂಡಳು ಸುನಿತಾ. ಮತ್ತೆ ದಿನವೂ ಆ ಖಾಲಿ ಕುರ್ಚಿ ಕಡೆ ಕಣ್ಣೇಕೆ ಹೋಗುತ್ತದೆ?

ವಾರ ಕಳೆಯಿತು. ಬುಧವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಅವಳ ಮೊಬೈಲ್ ನಡುಗಿತು. ಹೊರಗೆ ಓಡಿ ಎತ್ತಿದರೆ, ಶೈಸ್ತಾ ಅಳುತ್ತಿದ್ದಳು.

“ಸುನಿ... ಲಿಸ್ಟ್ ಬಂದದ. ನನ್ನ ಹೆಸರೇ ಇಲ್ಲ! ತಾರೀಖು ಹೆಚ್ಚು ಮಾಡೇ ಇದ್ದಿಲ್ಲಂತ. ಆ ಮೆಸೇಜ್ ಹೋದ ವರ್ಷದ್ದು! ನಾ ನೋಡದೇ ಮುಂದ ಕಳಿಸಿದ್ದೆ. ನನಗ ಇನ್ನ ಎರಡನೇ ಸುತ್ತೇ ಗತಿ. ನಿಂದೂ ಹೋಯ್ತೇನೇ?”

“ನೋಡ್ತೀನಿ ತಡಿ,” ಎಂದಳು ಸುನಿತಾ. ಒಳಗೆ ಬಂದು ಪಟ್ಟಿ ತೆರೆದಳು.

ಇತ್ತು! ಅವಳ ಹೆಸರು ಇತ್ತು! ಕಲಬುರಗಿ. ಮೊದಲ ಆಯ್ಕೆ!

ಮರುಕ್ಷಣವೇ ಅವಳ ಕಣ್ಣು ಪಕ್ಕದ ಖಾಲಿ ಕುರ್ಚಿಗೆ ಹೋಯಿತು. ಅವನು ಒತ್ತಿರದಿದ್ದರೆ...?

“ಮೇಡಂ,” ಎಂದಳು ಮೆಲ್ಲಗೆ, “ಅಂಬರೇಶ ಅವತ್ತ ಏನ್ ಬರದಾರ?”

ಹಸೀನಾಬೇಗಂ ಕನ್ನಡಕದ ಮೇಲಿಂದ ನೋಡಿದರು. “ಅವತ್ತ ಕೇಳಿದ್ರ ಅವತ್ತೇ ತೋರಸ್ತಿದ್ದೆ ಬೇಟಿ. ದೂರು ಕೊಟ್ಟವರಿಗಿ ಓದೋ ಹಕ್ಕದ.” ದಪ್ಪ ನೋಟ್‌ಬುಕ್ಕನ್ನು ಅವಳೆಡೆ ಸರಿಸಿದರು.

‘ನಾನು ಕೂತಾಗ ಅವರ ಖಾತೆ ತೆರೆದಿತ್ತು. ಐದಕ್ಕೆ ನಾಲ್ಕು ನಿಮಿಷ ಉಳಿದಿತ್ತು. ಮೇಡಂ ನಮಾಜಿಗೆ ಹೋಗಿದ್ದರು. ಅವರ ಬಸ್ ಹೋಗಿಬಿಟ್ಟಿತ್ತು. ಅವರು ತುಂಬಿದ್ದರಲ್ಲಿ ನಾನು ಏನೂ ಬದಲಿಸಿಲ್ಲ. ಸಲ್ಲಿಸು ಅಂತ ಮಾತ್ರ ಒತ್ತಿದೆ. ನಿಯಮ ಮುರಿದದ್ದು ಖರೆ. ಶಿಕ್ಷೆಗೆ ತಕರಾರಿಲ್ಲ. ಆದರೆ ಮತ್ತೊಮ್ಮೆ ಹಿಂಗೇ ಆದರೂ ಒತ್ತುತ್ತೇನೆ.’

ಕೊನೆಯ ಸಾಲು ಕಣ್ಣೀರಿನಲ್ಲಿ ತೇಲಾಡಿತು.

“ನಾ ದೂರು ವಾಪಸ್ ತೊಗೋತೀನಿ ಮೇಡಂ! ಈಗೇ!”

“ಇಬ್ಬರೂ ಬಂದು ಸಹಿ ಮಾಡ್ಬೇಕು. ನಿಯಮ ಅಂದ್ರ ನಿಯಮ.” ಮೇಡಂ ಗಡಿಯಾರ ನೋಡಿದರು. ತುಟಿಯಂಚಿನಲ್ಲಿ ನಗು ಇಣುಕಿತು. “ಐದೂವರಿ ತನಕ ಕುಂತಿರ್ತೀನಿ. ವಾಡಿ ಬಸ್ ನಿಂತದ ನೋಡು. ಓಡು!”

ಬಸ್ಸಿನಲ್ಲಿ ಅವಳು ಅಪ್ಪನಿಗೆ ಫೋನು ಮಾಡಿದಳು. ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಸೀಟು ಸಿಕ್ಕದ್ದು, ಕಲಬುರಗಿ, ಸೇಡಂ ಅಲ್ಲ, ಮೊದಲು ಬರೆದದ್ದು ತಾನೇ, ತನ್ನ ಆಸೆ ಅದೇ.

ಬಸ್ಸು ಮೂರು ಗುಂಡಿ ಹಾರಿತು.

“ಮತ್ತ... ಬಸ್ ಪಾಸ್ ಮಾಡಸ್ಬೇಕಲ್ಲವ್ವ,” ಎಂದರು ಬಸವಂತರಾಯ. “ಫೋಟೋ ಅದಾವೇನು ನಿನ್ನ ಹತ್ರ? ಚಿಮ್ಮನಚೋಡದವ್ರಿಗಿ ನಾ ಹೇಳ್ತೀನಿ ತೊಗೊ.”

ಪಕ್ಕದ ಸೀಟಿನ ಮುದುಕಿ ಗಾಬರಿಯಾಗುವಂತೆ ಸುನಿತಾ ಅಳುತ್ತ ನಕ್ಕಳು!

ಫರ್ಸಿ ಕಾರ್ಖಾನೆಯ ಅಂಗಳದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಕಲ್ಲು ಕೊಯ್ಯುವ ಯಂತ್ರದ ಅಬ್ಬರ, ಬಿಳಿ ಪುಡಿಯ ಮೋಡ. ಮೋಡದೊಳಗೆ ಅವನು. ಅವಳನ್ನು ಕಂಡು ಕೈಯಲ್ಲಿದ್ದುದನ್ನು ಕೆಳಗಿಟ್ಟ. ಹತ್ತಿರ ಬರಲಿಲ್ಲ.

“ಮಾಫ್ ಮಾಡ್ರಿ!” ಎಂದು ಕೂಗಿದಳು.

ಅವನು ಕಿವಿ ಮುಟ್ಟಿ ತಲೆಯಾಡಿಸಿದ. ಕೇಳುತ್ತಿಲ್ಲ.

“ಸೀಟ್ ಸಿಕ್ಕದ! ಕಲಬುರಗಿ! ನಿಮ್ಮಿಂದ!”

ಯಂತ್ರ ಇನ್ನೂ ಜೋರಾಗಿ ಗುಡುಗಿತು. ಅವಳಿಗೆ ರೇಗಿತು. ಹೇಗೂ ಕೇಳಿಸದು ಎಂಬ ಧೈರ್ಯವೂ ಬಂತು. ಎದೆಯ ತುಂಬ ಗಾಳಿ ಎಳೆದುಕೊಂಡು, ಊರಿಗೆ ಊರೇ ಕೇಳುವಂತೆ ಕೂಗಿದಳು:

“ನೀವಂದ್ರ ನನಗ ಭಾಳ ಇಷ್ಟ, ಅಂಬರೇಶ!”

ಸರಿಯಾಗಿ ಆಗಲೇ ಕರೆಂಟು ಹೋಯಿತು!

ಯಂತ್ರ ಉಸಿರುಬಿಟ್ಟು ನಿಂತಿತು. ಅವಳ ದನಿಯೊಂದೇ ಕಲ್ಲಿನ ರಾಶಿಗಳ ನಡುವೆ ತಿರುಗಿ ತಿರುಗಿ ಮರಳಿತು. ಹನ್ನೊಂದು ಮಂದಿ ಕೆಲಸಗಾರರು ಬಾಯಿ ತೆರೆದು ನಿಂತಿದ್ದರು. ಮೇಸ್ತ್ರಿ ಖಂಡೆಪ್ಪ ಬೀಡಿ ಕೆಳಗಿಳಿಸಿದ.

“ಯವ್ವಾ, ಅವಗ ಕೇಳಿಸ್ತೋ ಇಲ್ಲೋ ಗೊತ್ತಿಲ್ಲ. ನಮಗಂತೂ ಕೇಳಿಸ್ತು.”

ಸುನಿತಾಳಿಗೆ ಅಲ್ಲೇ ಒಂದು ಫರ್ಸಿಯ ಕೆಳಗೆ ಹೊಕ್ಕುಬಿಡೋಣ ಎನಿಸಿತು. ಅಂಬರೇಶ ನಿಧಾನವಾಗಿ ಅವಳೆದುರು ಬಂದು ನಿಂತ. ರೆಪ್ಪೆಯ ಮೇಲೂ ಬಿಳಿ ಪುಡಿ. ಕಣ್ಣು ಮಾತ್ರ ಒದ್ದೆ.

“ಇನ್ನೊಮ್ಮೆ ಹೇಳ್ರಿ,” ಎಂದ. “ಸಣ್ಣಗ. ನನಗಷ್ಟೇ.”

ಅವಳು ಹೇಳಿದಳು. ಈ ಸಲ ಖಂಡೆಪ್ಪನಿಗೆ ಕೇಳಿಸಲಿಲ್ಲ, ನಮಗೂ ಕೇಳಿಸಲಿಲ್ಲ.

“ಅವತ್ತ ಅಷ್ಟ ಮಂದ್ಯಾಗ ನಿಮಗ ಹಂಗ ಅಂದೆ...” ಎಂದಳು ಅವಳು.

“ಅಂದ್ರಿ. ವಾರಪೂರ್ತಿ ನೋವಾತು,” ಎಂದ ಅವನು ನೇರವಾಗಿ. “ಆದ್ರ ದಿನಾ ಎದ್ದು ಮೊದಲ ಅಂದ್ಕೋತಿದ್ದೆ, ಆಕಿ ಹೆಸರು ಲಿಸ್ಟಿನ್ಯಾಗ ಬರಲಿ ದೇವರೇ ಅಂತ. ಇದಕ್ಕ ಏನಂತಾರೋ ಗೊತ್ತಿಲ್ಲ ಸುನಿತಾ. ನೀವೇ ಈಗ ಕೂಗಿ ಹೇಳಿದ್ರಲ್ಲ, ಅದೇ ಇರಬೇಕು.”

ಅವಳು ದುಪಟ್ಟಾದ ತುದಿಯಿಂದ ಅವನ ರೆಪ್ಪೆಯ ಪುಡಿ ಒರೆಸಿದಳು. ಹನ್ನೊಂದು ಮಂದಿಯೂ ಒಮ್ಮೆಲೇ ಆಕಾಶ ನೋಡತೊಡಗಿದರು!

“ನಡೀರಿ, ಐದೂವರಿ ಒಳಗ ಸಹಿ ಮಾಡ್ಬೇಕು. ಇನ್ನ ಎರಡು ವಾರ ಅದ ನಿಮ್ಮ ಪರೀಕ್ಷೆಗಿ.”

“ಒಂದು ವಾರ ಹೋಗೇ ಹೋಯ್ತಲ್ರಿ,” ಎಂದ ಅವನು, ಈಗ ನಿಜವಾಗಿ ಹೆದರಿ. “ನಾ ಫೇಲ್ ಆದ್ರ?”

“ಮತ್ತ ಕುಂದ್ರಿ, ಮತ್ತ ಬರೀರಿ.”

“ನೀವು?”

ಸುನಿತಾ ಅವನ ಒರಟು ಬೆರಳುಗಳನ್ನು ಹಿಡಿದಳು, ಮೊದಲ ಬಾರಿಗೆ.

“ನಾನೂ ಕುಂದರ್ತೀನಿ. ನಿಮ್ಮ ಬಾಜೂಕ.”